ಹಿಂದೆ ಯಾರೂ ನಿಲ್ಲಬೇಕಿಲ್ಲದ ಟ್ರೇಲರ್

“ಅವ್ವಾ, ಮೈಬೂಬ ಕಾಕಾ ದೋಣ್ಯಾಗ ಕೋಳಿ ಯಾಕ ಸಾಕ್ಯಾನ? ಕೋಳಿಗೆ ಈಜಾಕ ಬರ್ತೈತೇನು?”

ಸುಜಯ ಇದನ್ನು ಕೇಳಿದಾಗ ನಾನು ಅವನ ಅಂಗಿಯ ಗುಂಡಿ ಹಾಕುತ್ತಿದ್ದೆ. ಐದು ವರ್ಷದವನಿಗೆ ಎಷ್ಟು ಹೇಳಬೇಕು? “ದೋಣಿ ಸುಮ್ನ ಬಿದ್ದೈತಿ, ಅದಕ್ಕ” ಎಂದೆ. ಉಳಿದದ್ದನ್ನು ಇಲ್ಲಿ ಬರೆದಿಡುತ್ತೇನೆ. ದೊಡ್ಡವನಾದ ಮೇಲೆ ಓದಿಕೊಳ್ಳಲಿ.

ಮೈಬೂಬಣ್ಣ ನಮ್ಮ ಪಕ್ಕದ ಮನೆಯವರು. ರಾಯಬಾಗ ತಾಲೂಕಿನ ಈ ದಂಡೆಯಲ್ಲಿ ಕೃಷ್ಣೆಗೆ ಬಲೆ ಬಿಟ್ಟೇ ಬದುಕಿದವರು. ಅವರ ಅಪ್ಪ ಗಾಳಿ ತುಂಬಿದ ಲಾರಿ ಟ್ಯೂಬಿನ ಮೇಲೆ ಕುಳಿತು ಮೀನು ಹಿಡಿಯುತ್ತಿದ್ದರಂತೆ. ಇವರು ಫೈಬರ್ ದೋಣಿ ತಂದರು. ಹೆಂಡತಿ ಹಸೀನಾ ಹುಟ್ಟು ಹಾಕಿದರೆ ಇವರು ಬಲೆ ಬಿಡುತ್ತಿದ್ದರು. ಮಗ ಜುನೇದ ಮೀಸೆ ಮೂಡಿದ ವರ್ಷ ತಾಯಿಯ ಕೈಯಿಂದ ಹುಟ್ಟು ಕಸಿದುಕೊಂಡ. “ನೀ ಮನ್ಯಾಗ ಕುಂದ್ರವಾ, ನಿನ್ನ ದೋಣಿ ಎಮ್ಮಿ ನಡದಂಗ ನಡೀತೈತಿ” ಎಂದು ನಗುತ್ತಿದ್ದ. ಊರಿನಲ್ಲಿ ಇದೊಂದೇ ದೋಣಿ. ನದಿ ಉಕ್ಕಿ ಅದರ ನೀರು ಹಳ್ಳದೊಳಕ್ಕೆ ಹಿಮ್ಮುಖವಾಗಿ ನುಗ್ಗಿದಾಗ ಹಳ್ಳದಾಚೆಯ ತೋಟದ ಮನೆಗಳ ವಸ್ತಿಯ ಸುತ್ತ ನೀರು ನಿಲ್ಲುತ್ತದೆ. ಆಗ ಎಲ್ಲರಿಗೂ ಮೈಬೂಬಣ್ಣ ಬೇಕು.

ಸುಜಯ ತೊಟ್ಟಿಲಲ್ಲಿದ್ದಾಗ ಬಂದ ಮಹಾಪೂರದಲ್ಲಿಯೂ ಬೇಕಾದರು. ದೋಣಿಯನ್ನು ಹಳ್ಳದ ದಂಡೆಗೆ ಒಯ್ಯಬೇಕಿತ್ತು. ರಸ್ತೆಯಲ್ಲಿ ಒಂದು ಕಬ್ಬಿನ ಟ್ರೇಲರ್ ನಿಂತಿತ್ತು, ಅದಕ್ಕೇ ಹೇರಿದರು. ಕಬ್ಬಿಗೆ ಕಟ್ಟುವಂತೆಯೇ ದೋಣಿಯ ನಡುವಿಗೆ ಹಗ್ಗ ಸುತ್ತಿ ಬಿಗಿದರು. ಕಬ್ಬು ಒಂದಕ್ಕೊಂದು ಸಿಕ್ಕಿಕೊಂಡು ಕೂರುತ್ತದೆ, ನುಣುಪಾದ ದೋಣಿ ಕೂರುವುದಿಲ್ಲ. ದಾರಿಯುದ್ದಕ್ಕೂ ಸುರಿದ ಮಳೆ ಬೇರೆ ಅದರೊಳಗೆ ತುಂಬಿತ್ತು. ಇಳಿಜಾರಿನಲ್ಲಿ ಟ್ರೇಲರನ್ನು ಹಿಂದಕ್ಕೆ ಬಿಟ್ಟಾಗ ಆ ನೀರೆಲ್ಲ ಒಮ್ಮೆಲೇ ಹಿಂಬದಿಗೆ ಹೊರಳಿತು. ಹಗ್ಗ ಜಾರಿತು. ದೋಣಿಗೆ ಕೈಕೊಟ್ಟು ಇಳಿಸಿಕೊಳ್ಳಲು ಜುನೇದ ಹಿಂದೆ ನಿಂತಿದ್ದ.

ದೋಣಿ ಬಡಿದು ಎದೆ ಜಜ್ಜಿಹೋದ ಮಗನನ್ನು ಅದೇ ಟ್ರೇಲರಿನಲ್ಲಿ ಮಲಗಿಸಿ ದವಾಖಾನೆಗೆ ಕಳಿಸಿ, ಮೈಬೂಬಣ್ಣ ದೋಣಿ ಹತ್ತಿದರು. ಆಚೆ ಮಾಳಿಗೆಗಳ ಮೇಲೆ ಜನ ಕೂಗುತ್ತಿದ್ದರು. ಎಲ್ಲರನ್ನೂ ದಾಟಿಸಿ ಮನೆಗೆ ಬರುವಷ್ಟರಲ್ಲಿ ಜುನೇದನ ಹೆಣ ಅಂಗಳದಲ್ಲಿತ್ತು.

ಹಸೀನಾ ದೋಣಿಯನ್ನು ಅಂಗಳಕ್ಕೆ ಎಳೆಸಿ, ಹುಲ್ಲು ಹಾಸಿ, ಕೋಳಿ ಬಿಟ್ಟಳು. ಯಾರಾದರೂ ದೋಣಿ ಕೇಳಿಕೊಂಡು ಬಂದರೆ “ಕೋಳಿ ಕಾವಿಗೆ ಕುಂತಾವ್ರಿ” ಎಂದಷ್ಟೇ ಹೇಳುತ್ತಿದ್ದಳು. ಮೈಬೂಬಣ್ಣ ಬೇರೆಯವರು ಹಿಡಿದ ಮೀನನ್ನು ಬುಟ್ಟಿಯಲ್ಲಿಟ್ಟು ಮಾರತೊಡಗಿದರು. ಗಂಡ ಹೆಂಡತಿ ಜಗಳವಾಡಿದ್ದನ್ನು ನಾನು ಕೇಳಿಲ್ಲ. ಮಾತಾಡಿದ್ದನ್ನೂ ಹೆಚ್ಚು ಕೇಳಿಲ್ಲ.

ಹೋದ ಮಳೆಗಾಲದಲ್ಲಿ ವಸ್ತಿಯ ಶಿವಗಂಗವ್ವ ಮಾಳಿಗೆಯ ಮೇಲೆ ತೊಯ್ಯುತ್ತ ಕಾದಳು. ಬೇರೆ ಊರಿನ ದೋಣಿ ಬರುವ ಹೊತ್ತಿಗೆ ಅವಳ ಉಸಿರು ನಿಂತಿತ್ತು. ಈ ಬೇಸಿಗೆಯಲ್ಲಿ ಮೈಬೂಬಣ್ಣ ಅಂಗಳದಲ್ಲಿ ನಿಂತು, ಯಾರಿಗೋ ಎಂಬಂತೆ, “ಒಂದು ಟ್ರೇಲರ್ ನೋಡಬೇಕು” ಎಂದರು.

ಒಳಗಿಂದ ಹಸೀನಾ ಅಂದಳು: “ತಾ. ತಂದು ಮೊದಲ ನನ್ನ ಮ್ಯಾಲ ಹಾಯಿಸು.”

ಸುಜಯನ ಕಿವಿ ತೋರಿಸಲು ಚಿಕ್ಕೋಡಿಗೆ ಹೋದ ದಿನ ನಾನು, ನನ್ನ ಗಂಡ ಸಂಗ್ರಾಮ, ಮೈಬೂಬಣ್ಣನ ಜೊತೆ ಅಲ್ಲಿ ಟ್ರೇಲರ್ ಮಾಡುವ ಸಂಜಯನ ವೆಲ್ಡಿಂಗ್ ಅಂಗಡಿಗೂ ಹೋದೆವು. ನಿಪ್ಪಾಣಿಯಲ್ಲಿ ಮೈಬೂಬಣ್ಣ ಆಗಲೇ ಒಂದೆರಡು ಟ್ರೇಲರ್ ನೋಡಿ ಬಿಟ್ಟುಬಂದಿದ್ದರು. ಇಲ್ಲಿಯೂ ಮೊದಲನೆಯದರ ಹಿಂದೆ ನಿಂತು, ಅದರ ಅಂಚಿಗೆ ತಮ್ಮ ಮೈ ತಾಗಿಸಿ ನೋಡಿದರು.

“ಕಾಕಾ, ಗಾಡಿ ನೋಡಾಕ ಬಂದೀಯೋ, ಹೆಣ್ಣ ನೋಡಾಕ ಬಂದೀಯೋ?” ಎಂದ ಸಂಜಯ. “ಎಷ್ಟ ಸುತ್ತತೀಪಾ!”

“ಹೆಣ್ಣಾಗಿದ್ರ ಯಾವಾಗೋ ಹೂಂ ಅಂತಿದ್ದೆ. ಇದು ಎದಿ ಮಟ ಬರ್ತೈತಿ. ಬ್ಯಾಡ.”

ಇನ್ನೊಂದು ತಗ್ಗಾಗಿತ್ತು, ಆದರೆ ಅದರ ಗಾಲಿಗಳು ಸಣ್ಣವು. “ನಮ್ಮ ದಂಡಿ ಎರಿಮಣ್ಣಿನ್ಯಾಗ ಇವು ಹೂತು ಹೊಕ್ಕಾವ. ಹೂತಿತಂದ್ರ ದೂಕಾಕ ಒಬ್ಬಾಂವ ಹಿಂದ ಹೊಕ್ಕಾನ.”

“ಮತ್ತ ಎಂಥಾದ್ದು ಬೇಕು ನಿನಗ?”

“ಹಿಂದ ಯಾರೂ ನಿಂದರಬಾರದು. ಅಂಥಾದ್ದು.”

ಸಂಜಯ ನಗುವುದನ್ನು ನಿಲ್ಲಿಸಿದ. ಆಮೇಲೆ ಇಬ್ಬರೂ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದರು. ಜೀಪಿನ ದೊಡ್ಡ ಗಾಲಿ, ಅವುಗಳ ನಡುವೆ ಮೊಣಕಾಲೆತ್ತರದ ಹಾಸು. ದೋಣಿಯ ಹೊಟ್ಟೆಗೆ ತಕ್ಕಂತೆ ಕೊರೆದ ಮರದ ದಿಂಬು, ಅದಕ್ಕೆ ಹಳೆಯ ಟಯರಿನ ಪಟ್ಟಿ. ಟ್ರ್ಯಾಕ್ಟರ್ ನೀರಿಗಿಳಿಯದ ಹಾಗೆ ಅದಕ್ಕೆ ಜೋಡಿಸುವ ಉದ್ದ ಮೂಕಿ. ದೋಣಿಯ ಮೂತಿಗೆ ಕಟ್ಟಿದ ಹಗ್ಗವನ್ನು ಮುಂದೆ ನಿಂತೇ ಸಡಿಲಿಸಲು ಹಿಡಿಕೆಯ ರಾಟೆ.

ಅದು ಮಳೆಗಿಂತ ಮೊದಲೇ ಬಂತು. ಹಸೀನಾ ಹೊಸ್ತಿಲಲ್ಲಿ ನಿಂತಿದ್ದಳು. ಬೈಯುತ್ತಾಳೆ ಅಂದುಕೊಂಡೆ. ಅವಳು ಬಂದು ಕೋಳಿಗಳನ್ನು ಒಂದೊಂದಾಗಿ ಎತ್ತಿ ಬುಟ್ಟಿಯಡಿ ಮುಚ್ಚಿ, “ಇವತ್ತಿಗಷ್ಟ. ನೋಡ್ತೀನಿ” ಎಂದಳು.

ಸಂಗ್ರಾಮನ ಟ್ರ್ಯಾಕ್ಟರಿಗೆ ಕಟ್ಟಿ ನದಿಗೆ ಒಯ್ದೆವು. ಮೈಬೂಬಣ್ಣ ರಾಟೆ ಹಿಡಿಯುವಾಗ ಹಸೀನಾ ತಡೆದಳು. “ಖಾಲಿ ದೋಣಿ ಯಾರರೆ ಇಳಸ್ತಾರ. ಅವತ್ತಿನಂಗ ನೀರ ತುಂಬ್ರಿ.”

ನಾನು ಸುಜಯನನ್ನು ಸೊಂಟಕ್ಕೆತ್ತಿಕೊಂಡೆ. ಮೈಬೂಬಣ್ಣನೂ ಸಂಗ್ರಾಮನೂ ಕೊಡಗಟ್ಟಲೆ ನೀರು ಹೊತ್ತು ಸುರಿದರು. ಟ್ರೇಲರ್ ಹಿಂದಕ್ಕೆ ಇಳಿಯುತ್ತಿದ್ದಂತೆ ದೋಣಿಯೊಳಗಿನ ನೀರು ಧಡ್ಡೆಂದು ಹಿಂಬದಿಗೆ ಹೊರಳಿತು. ಹಗ್ಗ ಬಿಗಿಯಿತು, ರಾಟೆ ಹಿಡಿಯಿತು. ಆಮೇಲೆ ದೋಣಿ ಟಯರ್ ಪಟ್ಟಿಯ ಮೇಲೆ ಮೆಲ್ಲಗೆ ಸರಿದು ನದಿಗಿಳಿಯಿತು.

ಹಸೀನಾ ದೋಣಿಯನ್ನು ನೋಡುತ್ತಿರಲಿಲ್ಲ. ಟ್ರೇಲರಿನ ಹಿಂದಿನ ಖಾಲಿ ಜಾಗವನ್ನು ನೋಡುತ್ತಿದ್ದಳು.

“ಇಷ್ಟ ಇತ್ತೇನು?” ಎಂದಳು. “ಒಂದು ರಾಟಿ, ಒಂದು ಹಗ್ಗ. ಇಷ್ಟಕ್ಕ ಹೋದನಾ ನನ್ನ ಹುಡುಗ?”

ಮೈಬೂಬಣ್ಣನ ಕೈ ಹಿಡಿಕೆಯ ಮೇಲೇ ಇತ್ತು.

ಆ ಸಂಜೆ ದೋಣಿ ಅಂಗಳಕ್ಕೆ ಮರಳಿದರೂ ಹಸೀನಾ ಕೋಳಿಗಳನ್ನು ದೋಣಿಗೆ ಬಿಡಲಿಲ್ಲ. ಅದರಲ್ಲಿ ಉಳಿದಿದ್ದ ತೊಯ್ದ ಹುಲ್ಲನ್ನು ಗುಡಿಸಿ ತೆಗೆದು, ಹುಟ್ಟನ್ನು ಒರೆಸಿ ಗೋಡೆಗೆ ಆನಿಸಿದಳು.

ಇವತ್ತು ಬೆಳಿಗ್ಗೆಯಿಂದ ಮಳೆ. ಕೊಯ್ನಾ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ, ಹಳ್ಳದಲ್ಲಿ ನದಿಯ ನೀರು ಆಗಲೇ ಹಿಮ್ಮುಖವಾಗಿ ಏರುತ್ತಿದೆ. ರೊಟ್ಟಿ ತಟ್ಟುತ್ತಿದ್ದಾಗ ಮೈಬೂಬಣ್ಣ ಬಾಗಿಲಿಗೆ ಬಂದರು. ತಲೆಯ ಮೇಲೆ ಗೋಣಿಚೀಲ, ಕೈಯಲ್ಲಿ ಕೋಳಿಗಳ ಬುಟ್ಟಿ.

“ತಂಗಿ, ಇವು ಮಳಿಗಾಲ ಮುಗಿಯೂತನಾ ನಿಮ್ಮ ಕಡೆ ಇರಲಿ. ಹಸೀನಾ ತಾನೂ ದೋಣ್ಯಾಗ ಬರ್ತೀನಿ ಅಂತಾಳ. ಮನ್ಯಾಗ ಕಾಳ ಹಾಕೋರು ಯಾರೂ ಇರಾಂಗಿಲ್ಲ.”