ತಲೆ ಎಣಿಸದ ವಾರ್ಡನ್

ನಮ್ಮ ವಾರ್ಡನ್ ಮೇಡಂ ತುರುಬಿಗೆ ಹೂವಿನ ಜೊತೆ ಒಂದು ಪೆನ್ನನ್ನೂ ಸಿಕ್ಕಿಸಿಕೊಳ್ಳುತ್ತಿದ್ದರು. ಹೂವು ಮಧ್ಯಾಹ್ನಕ್ಕೆ ಬಾಡುತ್ತಿತ್ತು. ಪೆನ್ನು ಸೋರಿ ಕತ್ತಿನ ಹಿಂದೆ ಸದಾ ಒಂದು ನೀಲಿ ಕಲೆ. ಹ್ಯಾಂಡ್‌ಪೋಸ್ಟ್ ಎಂಬ ಊರಿನ ಹತ್ತಿರದ ಆ ಬಾಲಕಿಯರ ಹಾಸ್ಟೆಲಿಗೆ ನಾನು ಡಿಗ್ರಿ ಮುಗಿಸಿದ ವರ್ಷವೇ ಸಹಾಯಕಿಯಾಗಿ ಸೇರಿದ್ದೆ. ಕಾಡಂಚಿನ ಬುಡಕಟ್ಟು ಹಾಡಿಗಳಿಂದ ಬಂದ ಮೂವತ್ತೆರಡು ಹುಡುಗಿಯರು ಅಲ್ಲಿದ್ದರು.

ಪ್ರತಿ ಹುಡುಗಿಗೂ ಮೇಡಂ ತಮ್ಮ ಹಾಜರಿ ಪುಸ್ತಕದಲ್ಲಿ ಒಂದೊಂದು ಪುಟ ಇಟ್ಟಿದ್ದರು. ಯಾವ ಮಾತ್ರೆ ಒಗ್ಗುವುದಿಲ್ಲ, ಯಾರು ಬಂದರೆ ಮನೆಗೆ ಕಳಿಸಬಹುದು, ಯಾರು ಬಂದರೆ ಕೂಡದು ಎಂಬುದಷ್ಟೇ ಅಲ್ಲ. ಗುಡುಗಿದರೆ ಮಂಚದಡಿ ಸೇರುತ್ತಾಳೆ, ಜಗಳವಾದರೆ ಊಟ ಬಿಡುತ್ತಾಳೆ ಎಂಬುದೂ ಅಲ್ಲಿತ್ತು. ಹಿನ್ನೀರಿನ ದಡದ ಹಾಡಿಯಿಂದ ಬಂದ ಐದನೇ ತರಗತಿಯ ಹುಡುಗಿಯ ಪುಟದಲ್ಲಿ, "ನೀರಿನ ಭಯವಿಲ್ಲ. ಮೀನು ಕಂಡರೆ ಕರೆದರೂ ಕೇಳಿಸದು" ಎಂದಿತ್ತು. ಓದಿ ನಾನು ನಕ್ಕಿದ್ದೆ.

"ಇದನ್ನೆಲ್ಲ ಯಾವ ಆಫೀಸರ್ ಕೇಳ್ತಾರೆ ಮೇಡಂ?"

"ಆಫೀಸರ್‌ಗಲ್ಲ ಕಣಮ್ಮ. ನಾಳೆ ನಾನು ಜ್ವರ ಬಂದು ಮಲಗಿದ್ರೆ, ನಿಂಗೆ."

ಒಂದು ಭಾನುವಾರ ಹೊಳೆ ದಡದ ಚುಂಚನಕಟ್ಟೆಗೆ ಪ್ರವಾಸ ಹೋದೆವು. ಊಟದ ಹೊತ್ತಿಗೆ ಮಕ್ಕಳನ್ನು ಲೆಕ್ಕ ಹಾಕುವ ಕೆಲಸವನ್ನು ಮೇಡಂ ನನಗೆ ವಹಿಸಿದರು. ಚಿತ್ರಾನ್ನದ ಎಲೆಗಳ ಮೇಲೆ ಬಗ್ಗಿದ ತಲೆಗಳ ಸಾಲು. ಎರಡು ಸಲ ಎಣಿಸಿದೆ. ಮೂವತ್ತೆರಡು.

"ಎಲ್ಲ ಇದ್ದಾರೆ ಮೇಡಂ."

"ತಲೆ ಲೆಕ್ಕ ಬ್ಯಾಡ. ಹೆಸರು ಕರಿ."

"ಉಣ್ಣೋ ಹೊತ್ತಲ್ಲಿ ಯಾಕೆ? ಬಸ್ ಹತ್ತುವಾಗ ಕರೆದರಾಯ್ತು ಬಿಡಿ."

ಅವರು ಪುಸ್ತಕ ತೆರೆದು ತಾವೇ ಕರೆದರು. ಹಿನ್ನೀರಿನ ಹುಡುಗಿಯ ಹೆಸರಿಗೆ ಯಾರೂ ಓಗೊಡಲಿಲ್ಲ. ಸಾಲಿನ ಕೊನೆಯಲ್ಲಿ ನಮ್ಮದಲ್ಲದ ಮುಖವೊಂದು ಮೇಲೆದ್ದು ನೋಡಿತು. "ನಾನು ಈ ಊರೋಳು ಕಣಕ್ಕ. ಬಡ್ಸೋರು ಕೂತ್ಕೊ ಅಂದ್ರು, ಕೂತೆ."

ನಾನು ಅವಳನ್ನು ಹುಡುಕಲು ಬಸ್ಸಿನ ಕಡೆ ತಿರುಗಿದೆ. ಮೇಡಂ ಪುಸ್ತಕ ಅಲ್ಲೇ ಬಿಟ್ಟು ನೇರ ಹೊಳೆಯ ಒಡ್ಡಿನ ಕೆಳಗಿನ ಬಂಡೆಗಳತ್ತ ಓಡಿದರು. ಹುಡುಗಿ ಅಲ್ಲಿದ್ದಳು. ಎರಡು ಬಂಡೆಗಳ ನಡುವೆ ಕಾಲು ಸಿಕ್ಕಿತ್ತು, ನೀರು ಗದ್ದದವರೆಗೆ. ಹೊಳೆಯ ಸದ್ದಿನಲ್ಲಿ ಅವಳ ಕೂಗು ನಮಗೆ ಕೇಳಿಸಿರಲೇ ಇಲ್ಲ. ಮೇಡಂ ಸೀರೆಯಲ್ಲೇ ಇಳಿದು ಅವಳ ತಲೆ ಎತ್ತಿ ಹಿಡಿದರು. ನಾನೂ ಡ್ರೈವರೂ ಸೇರಿ ಕಾಲು ಬಿಡಿಸಿದೆವು.

"ಮೀನು ಓಯ್ತು ಮೇಡಂ..."

"ಓಗ್ಲಿ ಬುಡೇ ನಿನ್ ಮೀನು! ಮೊದ್ಲು ಉಸಿರಾಡು."

ಬಸ್ ಹತ್ತುವವರೆಗೆ ಕಾದಿದ್ದರೆ? ಅಡುಗೆ ಮಾಡುವಾಗ, ಸ್ನಾನ ಮಾಡುವಾಗ, ಈಗಲೂ ನನ್ನ ಮನಸ್ಸು ಅಲ್ಲಿಗೇ ಬಂದು ನಿಲ್ಲುತ್ತದೆ.

ಹಾಸ್ಟೆಲಿಗೆ ಮರಳಿದ ಮೇಲೆ ಮೇಡಂ ಇಲಾಖೆಗೆ ವರದಿ ಬರೆಯಲು ಕೂತಾಗ, "ಬರೀಬೇಡಿ ಮೇಡಂ, ಮಗು ಸಿಕ್ತಲ್ಲ" ಎಂದು ಬೇಡಿಕೊಂಡೆ. ಅವರು ಬರೆದರು: ತಪ್ಪು ಎಣಿಸಿದ ನನ್ನ ಹೆಸರು, ಅದಕ್ಕೂ ಮೊದಲು, ಹೊಳೆ ದಡದಲ್ಲಿ ಆ ಕೆಲಸವನ್ನು ಹೊಸಬಳಿಗೆ ವಹಿಸಿದ ತಮ್ಮ ಹೆಸರು.

"ಮುಚ್ಚಿಟ್ರೆ ನಿನ್ ಜಾಗಕ್ಕೆ ಬರೋಳೂ ಇಂಗೇ ಎಣಿಸ್ತಾಳೆ. ಓದಿ ಸೈನ್ ಹಾಕು."

ನೋಟಿಸು ಇಬ್ಬರಿಗೂ ಬಂತು. ಅವರ ನಿವೃತ್ತಿಗೆ ಆಗ ಎರಡೇ ವರ್ಷ ಉಳಿದಿತ್ತು. ಈಗ ಅವರೇ ಇಲ್ಲ.

ಇನ್ನು ನನ್ನನ್ನು ಮಕ್ಕಳ ಹತ್ತಿರ ಬಿಡಲಾರರು ಎಂದುಕೊಂಡಿದ್ದೆ. ಆದರೆ ಪ್ರವಾಸದ ಮರುದಿನ ಬೆಳಿಗ್ಗೆಯೇ ಮೇಡಂ ಪುಸ್ತಕವನ್ನು ನನ್ನ ಕೈಗಿಟ್ಟು, "ನೀನೇ ಕರಿ" ಎಂದು ಪಕ್ಕದಲ್ಲಿ ನಿಂತರು. ಕರೆಯುತ್ತ ಹೋದೆ. ಹಿನ್ನೀರಿನ ಹುಡುಗಿಯ ಹೆಸರು ಬಂದಾಗ ಅದರ ಮೇಲೆ ಬೆರಳಿಟ್ಟು ನಿಂತುಬಿಟ್ಟೆ. ಕಾಲಿಗೆ ಬ್ಯಾಂಡೇಜು ಸುತ್ತಿದ್ದ ಹುಡುಗಿ ಕಾದು ನೋಡಿ, ಕುಂಟುತ್ತ ತಾನೇ ಮುಂದೆ ಬಂದಳು.

"ಇವ್ನಿ ಮಿಸ್, ಇಲ್ಲೇ ಇವ್ನಿ."