ಹಲ್ಲು ಉಳಿದ ವರ್ಷ

ಬೆಳಗ್ಗೆ ಬ್ರಷ್ ಮಾಡಿ ಉಗುಳಿದರೆ ನೊರೆ ಕೆಂಪಗಿರುತ್ತಿತ್ತು. ಇದು ಶುರುವಾಗಿ ಎರಡು ವರ್ಷವಾದರೂ ಆಗಿತ್ತು. ರಕ್ತ ಬರುವ ಕಡೆ ಬ್ರಷ್ ತಾಗಿಸಬಾರದು ಎಂಬುದು ನನಗೆ ನಾನೇ ಮಾಡಿಕೊಂಡ ಮದ್ದು.

ವಡೋದರಾದ ಫತೇಗಂಜ್‌ನಲ್ಲಿ ನಮ್ಮದೊಂದು ಸಣ್ಣ ಉಡುಪಿ ಹೋಟೆಲು. ಗಿರಾಕಿಗಳಲ್ಲಿ ಹೆಚ್ಚಿನವರು ಹಾಸ್ಟೆಲಿನ ಮಕ್ಕಳು. ಅವರೊಟ್ಟಿಗೆ ಪಟ್ಟಾಂಗ ಹೊಡೆಯುವುದು ನನಗೆ ಇಷ್ಟ. ಆದರೆ ವಯಸ್ಸು ನಲವತ್ತೆಂಟಕ್ಕೆ ಬರುವಾಗ ಮಾತು ಕಡಿಮೆಯಾಗಿತ್ತು. ಬಾಯಿ ವಾಸನೆ ನನಗೇ ಗೊತ್ತಾಗುತ್ತಿತ್ತು. ಲವಂಗ ಬಾಯಿಗೆ ಹಾಕಿಕೊಂಡು ಸುಮ್ಮನಿರುತ್ತಿದ್ದೆ.

ಅಪ್ಪನಿಗೆ ಐವತ್ತಕ್ಕೆಲ್ಲ ಹಲ್ಲುಗಳು ಒಂದೊಂದಾಗಿ ಅಲುಗಾಡಿ ಹೋಗಿದ್ದವು. ನಮ್ಮ ಮನೆಯವರ ಹಲ್ಲೇ ಹಾಗೆ ಎಂದು ನಂಬಿದ್ದೆ. ಡಾಕ್ಟರ ಹತ್ತಿರ ಹೋದರೆ ಕೀಳಿಸಿ ಎನ್ನುತ್ತಾರೆ, ಹೋಗದಿದ್ದರೆ ಇನ್ನಷ್ಟು ದಿನವಾದರೂ ಇರುತ್ತವೆ ಎಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಪೇರಳೆ ಹಣ್ಣು ಕಚ್ಚಿದೆ. ಬಿಳಿ ತಿರುಳಿನ ಮೇಲೆ ರಕ್ತ. ಹೆಂಡತಿ ನೋಡಿದಳು.

"ಇದು ಎಷ್ಟು ದಿನದಿಂದ?"

"ಸ್ವಲ್ಪ ದಿನ ಆಯ್ತು."

"ಸುಳ್ಳು ಹೇಳ್ಬೇಡಿ. ನನ್ನ ಹತ್ರ ಮಾತಾಡುವಾಗ್ಲೂ ಮುಖ ಆಚೆ ತಿರುಗಿಸ್ತೀರಿ. ನನ್ನ ಮೇಲೆ ಎಂತ ಸಿಟ್ಟೋ ಅಂತ ವರ್ಷದಿಂದ ಯೋಚಿಸ್ತಾ ಇದ್ದೆ."

ಮರುದಿನವೇ ಅವಳೊಟ್ಟಿಗೆ ಹಲ್ಲಿನ ಡಾಕ್ಟರಲ್ಲಿಗೆ ಹೋದೆ.

ಡಾಕ್ಟರು ಗುಜರಾತಿ ಹೆಂಗಸು, ನಮ್ಮೊಡನೆ ಹಿಂದಿಯಲ್ಲಿ ಮಾತಾಡಿದರು. ಗೆರೆ ಹಾಕಿದ ಸಪೂರ ಕಡ್ಡಿಯೊಂದನ್ನು ಹಲ್ಲು ಮತ್ತು ಒಸಡಿನ ಸಂದಿಗೆ ಇಳಿಸಿ, ಆಳ ಅಳೆದು, ಬರೆದುಕೊಳ್ಳುತ್ತಿದ್ದ ನರ್ಸಿಗೆ ಹೇಳುತ್ತಾ ಹೋದರು: "ತೀನ್, ತೀನ್, ಪಾಂಚ್, ಛೇ." ಮೂರು, ಮೂರು, ಐದು, ಆರು. ಮೂರು ಮಿಲಿಮೀಟರಿನವರೆಗೆ ಅಡ್ಡಿಯಿಲ್ಲ, ಅದಕ್ಕೂ ಆಳವಾದರೆ ಒಸಡು ಹಲ್ಲನ್ನು ಬಿಡುತ್ತಾ ಬಂದಿದೆ ಎಂದು ಅರ್ಥವಂತೆ. ಐದು, ಆರು ಕೇಳಿದಾಗಲೆಲ್ಲ ನಾನು ಕುರ್ಚಿಯ ಕೈ ಹಿಡಿದುಕೊಳ್ಳುತ್ತಿದ್ದೆ.

ಎಕ್ಸ್-ರೇ ನೋಡಿ ಮುಗಿಸುವುದಕ್ಕೂ ಬಿಡದೆ ಕೇಳಿದೆ, "ಎಷ್ಟು ಕೀಳ್ಬೇಕು?"

"ಯಾಕೆ ಕೀಳೋದು? ಒಂದೂ ಬೇಡ."

ಹೆಂಡತಿ ಗೋಡೆಗೆ ಒರಗಿ ಕಣ್ಣು ಒರೆಸಿಕೊಂಡಳು.

ರಕ್ತ ಬರುವುದು ಬ್ರಷ್‌ನಿಂದಲ್ಲ, ಒಸಡಿನ ಅಂಚಿನಲ್ಲಿ ಕೂತ ಕೊಳೆಯಿಂದ ಎಂದು ಡಾಕ್ಟರು ಹೇಳಿದರು. ರಕ್ತ ಬರುತ್ತದೆಂದು ಬಿಟ್ಟಷ್ಟೂ ಕೊಳೆ ಕಲ್ಲಿನಂತೆ ಗಟ್ಟಿಯಾಗುತ್ತದೆ, ಹಲ್ಲನ್ನು ಹಿಡಿದ ಎಲುಬು ಸವೆಯುತ್ತದೆ. ಸವೆದದ್ದು ಬಹುಪಾಲು ಹಿಂದೆ ಬಾರದು, ಉಳಿದದ್ದನ್ನು ಕಾಪಾಡಬಹುದು. ಅಪ್ಪನ ವಿಷಯ ಹೇಳಿದೆ. "ಮನೆತನದಿಂದ ಸ್ವಲ್ಪ ಬರಬಹುದು. ಅವರು ಹಲ್ಲು ಕ್ಲೀನ್ ಮಾಡಿಸಿದ್ದರಾ?" ಎಂದು ಕೇಳಿದರು. ಇಲ್ಲ. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂದು ಊರಲ್ಲಿ ಎಲ್ಲರೂ ಹೇಳುತ್ತಿದ್ದರು, ಅಪ್ಪನೂ ನಂಬಿದ್ದರು.

ಮೂರು ಸಲ ಹೋಗಿ ಒಸಡಿನ ಕೆಳಗಿನವರೆಗೂ ಕ್ಲೀನ್ ಮಾಡಿಸಿಕೊಂಡೆ. ಕೆಲವು ದಿನ ತಣ್ಣೀರು ಕುಡಿದರೆ ಜುಂ ಎನ್ನುತ್ತಿತ್ತು, ಆಮೇಲೆ ಸರಿಹೋಯಿತು. ಅವರು ಹೇಳಿ ಮಾಡಿಸಿದ ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆಯ ಗಡಿ ಮುಟ್ಟಿತ್ತು. ಅದೂ ಒಸಡನ್ನು ಕೆಡಿಸುತ್ತದಂತೆ. ದಿನಕ್ಕೆ ನಾಲ್ಕು ಕಾಫಿಯ ಸಕ್ಕರೆ ಬಿಟ್ಟೆ. ಎರಡು ಹೊತ್ತು ಮೆದು ಬ್ರಷ್‌ನಲ್ಲಿ ನಿಧಾನ ಉಜ್ಜುವುದು, ಸಂದಿಗೆ ಪುಟಾಣಿ ಬ್ರಷ್ ಹಾಕುವುದು ರೂಢಿಯಾಯಿತು. ಒಂದು ತಿಂಗಳಾಗುವಾಗ ನೊರೆ ಬೆಳ್ಳಗೆ ಬಂತು. ಮೂರು ತಿಂಗಳಿಗೆ ಅಳೆದಾಗ ಹೆಚ್ಚಿನವು ಮೂರಕ್ಕೆ ಇಳಿದಿದ್ದವು.

ಸೂರತ್‌ನ ಅಡಾಜಣ್‌ನಲ್ಲಿರುವ ತಮ್ಮನಿಗೆ ಫೋನ್ ಮಾಡಿದೆ. ಅವನೂ ಹೋಟೆಲಿನವನೇ, ತಂಬಾಕು ಹಾಕುತ್ತಾನೆ.

"ನನಗೆ ಒಂದು ಹನಿ ರಕ್ತ ಬರುದಿಲ್ಲ ಅಣ್ಣ."

"ತಂಬಾಕು ಹಾಕುವವರಿಗೆ ಒಸಡು ಹಾಳಾದ್ರೂ ರಕ್ತ ಕಾಣ್ಲಿಕ್ಕಿಲ್ಲವಂತೆ ಮಾರಾಯ. ಡಾಕ್ಟರೇ ಹೇಳಿದ್ದು. ಒಮ್ಮೆ ತೋರಿಸು."

ಹದಿನೈದು ದಿನದ ನಂತರ ಅವನೇ ಫೋನ್ ಮಾಡಿದ. ಹಿಂದಿನ ಒಂದು ಹಲ್ಲು ಉಳಿಯುವುದಿಲ್ಲವಂತೆ, ಬಾಕಿಯದ್ದೆಲ್ಲ ಉಳಿಸಬಹುದಂತೆ, ಬಾಯಲ್ಲಿ ಬೇರೆ ಕೆಟ್ಟದ್ದೇನೂ ಕಾಣಲಿಲ್ಲವಂತೆ.

"ತಂಬಾಕು ಬಿಟ್ಟು ಒಂಬತ್ತು ದಿನ ಆಯ್ತು," ಎಂದ. "ಬಹಳ ಕಷ್ಟ ಉಂಟು."

"ಈ ಭಾನುವಾರ ನಾನೂ ಅತ್ತಿಗೆಯೂ ಬರ್ತೇವೆ," ಎಂದೆ.