ದಬ್ಬಾಟ ಆಡಿದ ಕೋಣೆ

ನಮ್ಮ ತಿಳವಳ್ಳಿಯಲ್ಲಿ ಮನೆಗೊಂದು ಮೊಬೈಲು ಬರತೊಡಗಿದ್ದ, ಅದನ್ನು ಅಪ್ಪಂದಿರು ಅಂಗಿಯ ಕಿಸೆಯಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡು ತಿರುಗುತ್ತಿದ್ದ ದಿನಗಳವು. ನನಗಾಗ ಹತ್ತು ವರ್ಷ. ಬಿಸಿಲು ಬಲಿಯುವ ಹೊತ್ತಿಗೆ ನನ್ನ ಮೈತುಂಬ ನೀರುಗುಳ್ಳೆ ಎದ್ದವು. ಡಾಕ್ಟರು ಹಚ್ಚಿಕೊಳ್ಳಲು ಮುಲಾಮು ಕೊಟ್ಟರು. ಅವ್ವ ಮಾತ್ರ "ತಾಯಿ ಬಂದಾಳ" ಎಂದು ಕೈಮುಗಿದು ನನ್ನನ್ನು ಒಳಕೋಣೆಗೆ ಸೇರಿಸಿದಳು.

ನಿಮ್ಮ ಮನೆಗಳಲ್ಲೂ ಹೀಗೇ ಇದ್ದಿರಬೇಕು. ಬಾಗಿಲಿಗೆ ಬೇವಿನ ಟೊಂಗೆ, ಮೂರು ಹೊತ್ತೂ ಮಜ್ಜಿಗೆ ಅನ್ನ. ಅಡುಗೆಗೆ ಒಗ್ಗರಣೆ ಹಾಕುವಂತಿಲ್ಲ, ಹೊರಗಿನವರು ಹೊಸ್ತಿಲು ದಾಟುವಂತಿಲ್ಲ, ಶುಭಕಾರ್ಯದ ಮಾತೆತ್ತುವಂತಿಲ್ಲ. ತಾಯಿ ಮಗುವಿನ ಮೈಯಲ್ಲೇ ಕೂತಿರುತ್ತಾಳಾದ್ದರಿಂದ ಯಾರೂ ಗದರುವಂತೆಯೂ ಇಲ್ಲ. ಸದಾ ಸಿಡುಕುವ ಅಪ್ಪ ಕೂಡ ಬಾಗಿಲಲ್ಲಿ ನಿಂತು "ಏನ ಬೇಕವಾ ತಾಯಿ?" ಎಂದು ಮೆತ್ತಗೆ ಕೇಳುತ್ತಿದ್ದ. ಕೊನೆಗೆ ಬೇವಿನ ನೀರು ಹಾಕಿ ತಾಯಿಯನ್ನು ಕಳಿಸುವುದೂ ಮಗು ಹೂಂ ಎಂದ ಮೇಲೆಯೇ.

ಅಕ್ಕನಿಗೆ ಚಿಕ್ಕಂದಿನಲ್ಲೇ ಇದು ಬಂದು ಹೋಗಿತ್ತು. ಹಾಗಾಗಿ ನನ್ನ ಜೊತೆಗೆ ಅವಳನ್ನೇ ಇಟ್ಟರು. ಅವಳು ಪಿಯುಸಿ ಎರಡನೇ ವರ್ಷದಲ್ಲಿದ್ದಳು. ಪರೀಕ್ಷೆಗೆ ಇನ್ನು ಒಂದು ತಿಂಗಳಿತ್ತು. ಕಿಟಕಿಯ ಬೆಳಕಿಗೆ ಪುಸ್ತಕ ಹಿಡಿದು ಕೂರುವಳು. ನಾನು ತುರಿಕೆ ತಾಳದೆ ಅತ್ತಾಗ ಬೇವಿನ ಎಲೆಯಿಂದ ಮೈ ಸವರುವಳು.

ಎರಡನೇ ದಿನ ಹಾನಗಲ್ಲಿನ ಸೋದರಮಾವ ಅಂಗಳದಲ್ಲೇ ನಿಂತು ಕಿಟಕಿಯಿಂದ ಒಂದು ಡಬ್ಬಿ ಕೊಟ್ಟು ಹೋದ. ಒಳಗೆ ಆರು ಮೂಲೆಯ ಹಲಗೆ, ಅದರ ಗುಳಿಗಳಲ್ಲಿ ಕೂರುವ ಹದಿನಾಲ್ಕು ಕರಿ ಗುಂಡು, ಹದಿನಾಲ್ಕು ಬಿಳಿ ಗುಂಡು. ಸಾಲಾಗಿ ನಿಂತ ಎರಡು ಗುಂಡು ಎದುರಿನ ಒಂದನ್ನು ದಬ್ಬಬಹುದು, ಮೂರಿದ್ದರೆ ಎರಡನ್ನು ದಬ್ಬಬಹುದು. ಸಮಸಮ ಇದ್ದರೆ ಯಾರೂ ಅಲುಗುವಂತಿಲ್ಲ. ಎದುರಾಳಿಯ ಆರು ಗುಂಡನ್ನು ಹಲಗೆಯಿಂದ ಹೊರಗೆ ಬೀಳಿಸಿದವರು ಗೆದ್ದಂತೆ. ನಾವು ಅದಕ್ಕೆ ದಬ್ಬಾಟ ಎಂದು ಹೆಸರಿಟ್ಟೆವು. ದಿನಕ್ಕೆ ಹತ್ತು ಸಲ ಆಡಿದರೂ ನನ್ನ ಗುಂಡುಗಳೇ ಅಂಚಿಗೆ ಸೇರಿ ಉರುಳುತ್ತಿದ್ದವು. ಸುಳ್ಳೇಕೆ, ನಾನು ಸೋತರೆ ಹಲಗೆಯನ್ನೇ ಒದೆಯುವ ಜಾತಿಯವಳು.

ಎಂಟನೇ ದಿನ ಮಧ್ಯಾಹ್ನ ಅಕ್ಕ ನನ್ನ ಹತ್ತಿರ ಸರಿದು ಕೂತಳು.

"ಹಿರೇಕೆರೂರು ಕಡೆಯವ್ರು ನನ್ನ ನೋಡಾಕ ಬರೋರದಾರ. ಮಾವ ತಂದ ಸಂಬಂಧ. ಪರೀಕ್ಷಿಗಿ ಮೊದಲ ಮದುವಿ ಆಗಬೇಕಂತ, ಓದು ಸಾಕಂತ."

"ಮತ್ತ ಯಾಕ ಬಂದಿಲ್ಲ?"

"ಮನ್ಯಾಗ ತಾಯಿ ಅದಾಳಲ್ಲ. ಸೋಮವಾರದ ತನಕ ಕಾಯ್ತಾರಂತ. ಆಮ್ಯಾಲೆ ಸವಣೂರಾಗ ಬ್ಯಾರೆ ಹುಡುಗೀನ್ನ ನೋಡತಾರಂತ. ನಾಳೆ ಅವ್ವ ನೀರ ಹಾಕ್ಲ್ಯಾ ಅಂತ ಕೇಳ್ತಾಳ. ಬ್ಯಾಡ ಅನ್ನು. ಇನ್ನ ನಾಕ ದಿನ ಅಷ್ಟ."

ನಾನು ಹಲಗೆಯನ್ನೇ ನೋಡುತ್ತಿದ್ದೆ. ಅಕ್ಕ ನಕ್ಕಳು. "ಅಪ್ಪ, ಮಾವ, ಇಬ್ರು. ನಾನು, ನೀನು, ನಿನ್ನೊಳಗಿನ ತಾಯಿ, ಮೂರು ಮಂದಿ. ದಬ್ಬಬಹುದಿಲ್ಲೋ?"

ನಾನು ಅವಳ ಕೈಮೇಲೆ ಕೈಯಿಟ್ಟು ಆಣೆ ಮಾಡಿದೆ.

ಮರುದಿನ ಬೆಳಿಗ್ಗೆ ಒಂದು ಆಟ ಮುಗಿದಿತ್ತು. ಅದನ್ನೂ ಸೋತಿದ್ದೆ. ಹೊರಗೆ ಗೆಳತಿಯರು ಕುಂಟಾಬಿಲ್ಲೆ ಆಡುತ್ತ, "ಏ, ಕಾಲ ಗೆರಿ ಮ್ಯಾಲ ಬಿತ್ತು!" ಎಂದು ಕೂಗಾಡುವುದು ಕೇಳುತ್ತಿತ್ತು. ಒಣಗಿದ ಬೇವಿನ ಕಹಿವಾಸನೆ, ಕತ್ತಲು, ಕೆರೆಯುವಂತಿಲ್ಲದ ಮೈ. ಆ ನಾಲ್ಕು ಗೋಡೆಗಳನ್ನು ಇನ್ನೊಂದು ಗಳಿಗೆ ನೋಡಿದರೆ ಹುಚ್ಚು ಹಿಡಿಯುತ್ತದೆ ಎನಿಸಿತ್ತು. ಅವ್ವ ಬಾಗಿಲಿಗೆ ಬಂದಳು, ಹಿಂದೆ ಅಪ್ಪ.

"ನೀರ ಹಾಕ್ಲ್ಯಾ ತಾಯಿ?"

ಅಕ್ಕ ಪುಸ್ತಕದಿಂದ ತಲೆಯೆತ್ತಿ ನನ್ನನ್ನೇ ನೋಡಿದಳು. ಆ ಮನೆಯಲ್ಲಿ ಅಪ್ಪ ಮರುಮಾತಿಲ್ಲದೆ ಪಾಲಿಸುತ್ತಿದ್ದದ್ದು ಆ ಹೊತ್ತಿನಲ್ಲಿ ನನ್ನೊಬ್ಬಳ ಮಾತನ್ನು. ನಾನು "ಹಾಕು" ಎಂದೆ.

ಬೇವು, ಅರಿಷಿಣ ಬೆರೆತ ಬಿಸಿನೀರು ತಲೆಯ ಮೇಲೆ ಬಿದ್ದಾಗ ಆದ ಸುಖಕ್ಕೆ ಇಂದಿಗೂ ನಾಚಿಕೆಯಾಗುತ್ತದೆ. ಅಂದು ಸಂಜೆ ಒಂಬತ್ತು ದಿನಗಳ ಮೇಲೆ ಮನೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ ಚಟಪಟ ಎಂದಿತು. ಎರಡು ರೊಟ್ಟಿ ಹೆಚ್ಚೇ ತಿಂದೆ. ಅಕ್ಕ ಎಂದಿನಂತೆ ನನ್ನ ತಲೆ ಬಾಚಿ ಹೆಣಲು ಹಾಕಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಭಾನುವಾರ ಅವರು ಬಂದರು, ಅವಲಕ್ಕಿ ತಿಂದರು, ಒಪ್ಪಿದರು. ಪರೀಕ್ಷೆಗೆ ಆರು ದಿನ ಇರುವಾಗ ಅಕ್ಕನಿಗೆ ಅಕ್ಕಿಕಾಳು ಬಿದ್ದು ಮದುವೆಯಾಯಿತು. ಹಾಲ್ ಟಿಕೆಟ್ಟನ್ನು ಅವಳ ಟ್ರಂಕಿಗೆ ನಾನೇ ಹಾಕಿದೆ, ಬೇರೆ ಏನು ಮಾಡಬೇಕೆಂದು ತಿಳಿಯದೆ.

ನಾನು ಓದಿದೆ. ನನ್ನ ಹದಿನೇಳರಲ್ಲಿ ಅಪ್ಪ ಮತ್ತೆ ಅದೇ ರಾಗ ತೆಗೆದಾಗ ಅಕ್ಕ ಗಂಡನ ಮನೆಯಿಂದ ಬಸ್ಸು ಹತ್ತಿ ಬಂದು, ಪಡಸಾಲೆಯ ನಡುವೆ ಕೂತು, "ಈಕಿನ್ನ ಓದಿಸತೇನಿ ಅನ್ನೂತನಕ ನಾ ಏಳಂಗಿಲ್ಲ" ಎಂದಳು. ಮೂರು ದಿನ ಹಾಗೇ ಕೂತಿದ್ದಳು. ಈಗ ನಾನು ಶಿಗ್ಗಾಂವಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಈಗಿನವರು ಗುಳ್ಳೆ ಎದ್ದರೆ ಗುಳಿಗೆ ನುಂಗುತ್ತಾರೆ. ಯಾವ ಮಗುವನ್ನೂ ಯಾರೂ "ಏನ ಬೇಕವಾ ತಾಯಿ?" ಎಂದು ಕೇಳುವುದಿಲ್ಲ. ಒಳ್ಳೆಯದೇ. ಆದರೆ ಆ ಒಂಬತ್ತು ದಿನಗಳಷ್ಟು ಬೆಲೆ ನನ್ನ ಮಾತಿಗೆ ಮತ್ತೆಂದೂ ಬರಲಿಲ್ಲ. ಇದ್ದ ಬೆಲೆಯನ್ನು ನಾನು ಕುಂಟಾಬಿಲ್ಲೆಗೆ ಕಳೆದೆ.

ಹೋದ ವರ್ಷ ಅಕ್ಕನ ಹಿತ್ತಲಲ್ಲಿ ಮೆಂತ್ಯ ಸೋಸುತ್ತ ಕೂತಾಗ ಕಡೆಗೂ ಕೇಳಿಬಿಟ್ಟೆ. "ಅವತ್ತು ನನ್ನ ಮ್ಯಾಲ ಸಿಟ್ಟು ಬಂದಿತ್ತೇನಕ್ಕ?"

"ಹುಚ್ಚಿ, ನೀನು ಕೂಸು. ಒಂಬತ್ತ ದಿನಕ್ಕ ಕೋಣಿ ಸಾಕಾತು ನಿನಗ," ಎಂದು ಅಕ್ಕ ನಕ್ಕಳು. ಆಮೇಲೆ ಸೊಪ್ಪಿನ ಕಡ್ಡಿ ಮುರಿಯುತ್ತ ಮೆಲ್ಲಗೆ ಅಂದಳು, "ನನ್ನ ಯಾರರ ಕೇಳಿದ್ರ, ನಾನೂ ಸಾಕಾತು ಅಂತಿದ್ದೆ."